ಬರೀ ಡೆಬಿಯನ್ ಹಾಕಿ, ಅದರ ಮೇಲೆ ನಮಗೆ ಬೇಕಾದ ಡೆಸ್ಕ್‌ಟಾಪ್ ಕೂರಿಸುವುದು ಹೇಗೆ?

ಪ್ರಶ್ನೆ: ನನ್ನ ಹಳೆಯ ಲ್ಯಾಪ್‌ಟಾಪ್‌ನಲ್ಲಿ 4 ಜಿಬಿ ರ‍್ಯಾಮ್ ಇದೆ. ಬೇಡದ ಸಾಫ್ಟ್‌ವೇರ್ ಒಂದೂ ಇರಬಾರದು ಅಂತ ಡೆಬಿಯನ್ ಲಿನಕ್ಸಿನ ನೆಟ್‌ಇನ್‌ಸ್ಟ್ ಇಮೇಜ್ (ಉಳಿದದ್ದನ್ನು ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳುವ ಚಿಕ್ಕ ಇನ್‌ಸ್ಟಾಲ್ ಫೈಲ್) ತೆಗೆದುಕೊಂಡು, ಡೆಸ್ಕ್‌ಟಾಪ್ ಇಲ್ಲದೆ ಇನ್‌ಸ್ಟಾಲ್ ಮಾಡಿದೆ. ಆಮೇಲೆ 'ನೋ ಇನ್‌ಸ್ಟಾಲ್ ರೆಕಮೆಂಡ್ಸ್' ಆಯ್ಕೆ ಕೊಟ್ಟು ಎಕ್ಸ್‌ಎಫ್‌ಸಿಇ ಎಂಬ ಹಗುರ ಡೆಸ್ಕ್‌ಟಾಪ್ ಹಾಕಿದೆ. ಮೊದಲು ಪರದೆಯೇ ಬರಲಿಲ್ಲ. ಎಕ್ಸ್‌ಆರ್ಗ್ ಪ್ಯಾಕೇಜ್ ಹಾಕಿದ ಮೇಲೆ ಸ್ಟಾರ್ಟ್‌ಎಕ್ಸ್ ಕಮಾಂಡ್ ಕೊಟ್ಟರೆ ಡೆಸ್ಕ್‌ಟಾಪ್ ಬರುತ್ತಿದೆ. ಆದರೆ ವೈಫೈ ಐಕಾನ್ ಇಲ್ಲ, ಶಬ್ದ ಇಲ್ಲ, ಪೆನ್‌ಡ್ರೈವ್ ತೆರೆಯುವುದಿಲ್ಲ, ಕನ್ನಡದ ಜಾಗದಲ್ಲಿ ಚೌಕಗಳು ಕಾಣುತ್ತವೆ. ಎಲ್ಲಿ ತಪ್ಪಿದೆ? ಮತ್ತೆ ಮೊದಲಿನಿಂದ ಮಾಡಬೇಕಾ? ಎಕ್ಸ್‌ಎಫ್‌ಸಿಇ ಬಿಟ್ಟು ಬೇರೆ ಡೆಸ್ಕ್‌ಟಾಪ್ ನೋಡಬೇಕಾ?

ಉತ್ತರ: ಮೊದಲಿನಿಂದ ಮಾಡುವುದು ಬೇಡ. ನಿಮ್ಮ ಇನ್‌ಸ್ಟಾಲ್ ಚೆನ್ನಾಗಿಯೇ ಆಗಿದೆ. ನೀವು ಹೇಳಿದ ತೊಂದರೆಗಳೆಲ್ಲ ಬೇರೆಬೇರೆ ಅನ್ನಿಸಿದರೂ ಬೇರು ಒಂದೇ. ಅದು ಅರ್ಥವಾದರೆ ಇನ್ನು ಮುಂದೆ ಯಾವ ಡೆಸ್ಕ್‌ಟಾಪ್ ಹಾಕಿದರೂ ನಿಮಗೆ ಗಾಬರಿ ಆಗುವುದಿಲ್ಲ. ಹಾಗಾಗಿ ಅದನ್ನೇ ಮೊದಲು ಹೇಳುತ್ತೇನೆ.

ಡೆಸ್ಕ್‌ಟಾಪ್ ಅಂದರೆ ಒಂದು ಪ್ರೋಗ್ರಾಂ ಅಂತ ನಾವು ಅಂದುಕೊಂಡಿರುತ್ತೇವೆ. ಹಾಗಿಲ್ಲ. ಎಕ್ಸ್‌ಎಫ್‌ಸಿಇಯಲ್ಲಿ ಕಿಟಕಿಗಳಿಗೆ ಅಂಚು ಹಾಕಿ ಸರಿಸುವುದು ಒಂದು ಪ್ರೋಗ್ರಾಂ, ಪರದೆಯ ಅಂಚಿನ ಪ್ಯಾನೆಲ್ ತೋರಿಸುವುದು ಇನ್ನೊಂದು, ಹಿನ್ನೆಲೆ ಚಿತ್ರ ಬಿಡಿಸುವುದು ಮತ್ತೊಂದು. ಫೈಲ್ ತೋರಿಸುವ ಥುನಾರ್ ಬೇರೆಯೇ. ಇವೆಲ್ಲ ಕಣ್ಣಿಗೆ ಕಾಣುವ ಕೆಲಸ. ವೈಫೈ ಜೋಡಿಸುವುದು, ಶಬ್ದ ಹೊರಡಿಸುವುದು, ಪೆನ್‌ಡ್ರೈವ್ ಗುರುತಿಸುವುದು, ಪಾಸ್‌ವರ್ಡ್ ಕೇಳಿ ಅನುಮತಿ ಕೊಡುವುದು, ಇವು ಯಾವುವೂ ಡೆಸ್ಕ್‌ಟಾಪಿನ ಕೆಲಸವಲ್ಲ. ಹಿಂದೆ ಕೂತ ಸಣ್ಣಸಣ್ಣ ಸೇವೆಗಳು ಅದನ್ನು ಮಾಡುತ್ತವೆ. ಡೆಸ್ಕ್‌ಟಾಪ್ ಅವುಗಳ ಜೊತೆ ಮಾತಾಡುತ್ತದೆ, ಅಷ್ಟೇ.

ಈಗ ಡೆಬಿಯನ್ ಪ್ಯಾಕೇಜುಗಳ, ಅಂದರೆ ಇನ್‌ಸ್ಟಾಲ್ ಮಾಡುವ ಸಾಫ್ಟ್‌ವೇರ್ ಕಟ್ಟುಗಳ, ವಿಷಯ. ಒಂದು ಪ್ಯಾಕೇಜ್ ಇನ್ನೊಂದನ್ನು ಮುಖ್ಯವಾಗಿ ಮೂರು ರೀತಿಯಲ್ಲಿ ಕೇಳಬಹುದು. 'ಡಿಪೆಂಡ್ಸ್' ಅಂದರೆ ಅದಿಲ್ಲದೆ ಆಗುವುದೇ ಇಲ್ಲ. 'ಸಜೆಸ್ಟ್ಸ್' ಅಂದರೆ ಇದ್ದರೆ ಒಳ್ಳೆಯದು. ನಡುವಿನದು 'ರೆಕಮೆಂಡ್ಸ್'. ಅದರ ಹೆಸರು ಕೇಳಿದರೆ ಸುಮ್ನೆ ಒಂದು ಸಲಹೆ ಅನ್ನಿಸುತ್ತದೆ, ಅಲ್ವಾ? ಆದರೆ ಡೆಬಿಯನ್ನಿನ ನಿಯಮದ ಪ್ರಕಾರ ರೆಕಮೆಂಡ್ಸ್ ಅಂದರೆ, ತೀರಾ ಅಪರೂಪದ ಸಂದರ್ಭ ಬಿಟ್ಟು ಉಳಿದ ಎಲ್ಲ ಕಡೆ ಜೊತೆಗೆ ಇರಲೇಬೇಕಾದದ್ದು. ಎಕ್ಸ್‌ಎಫ್‌ಸಿಇ4 ಪ್ಯಾಕೇಜಿಗೆ ಎಕ್ಸ್‌ಆರ್ಗ್ ಕೂಡ ಬರೀ ರೆಕಮೆಂಡ್ಸ್. ಪರದೆ ಮೂಡಿಸುವ ಎಕ್ಸ್ ಸರ್ವರ್ ಎಕ್ಸ್‌ಆರ್ಗ್ ಪ್ಯಾಕೇಜಿನ ಜೊತೆ ಬರುತ್ತದೆ. ನೀವು ರೆಕಮೆಂಡ್ಸ್ ಬೇಡ ಅಂದಿರಿ. ಅದಕ್ಕೇ ಪರದೆಯೇ ಬರಲಿಲ್ಲ. ಉಳಿದ ತೊಂದರೆಗಳೂ ಇದೇ ಜಾತಿಯವು, ಜೊತೆಗೆ ಬೇಕಾದ ಯಾವುದೋ ಪ್ಯಾಕೇಜ್ ಬಂದಿಲ್ಲ.

ಬಿಡಿಬಿಡಿಯಾಗಿ ಹಾಕುವ ದಾರಿ ತಪ್ಪಲ್ಲ. ಆದರೆ ಏನನ್ನು ಬಿಡುತ್ತಿದ್ದೇವೆ ಅಂತ ಹೆಸರು ಹಿಡಿದು ಗೊತ್ತಿರಬೇಕು. ನಾನು ಮಾಡುವುದು ಹೀಗೆ. ಇನ್‌ಸ್ಟಾಲ್ ಕಮಾಂಡಿಗೆ ಮೊದಲು 'ಹೈಫನ್ ಎಸ್' ಸೇರಿಸಿ ಓಡಿಸುತ್ತೇನೆ. ಆಗ ಪ್ಯಾಕೇಜ್ ಹಾಕುವ, ತೆಗೆಯುವ ಪ್ರೋಗ್ರಾಂ ಆದ ಆಪ್ಟ್ ಏನನ್ನೂ ಹಾಕದೆ, ಏನೇನು ಹಾಕುತ್ತಿದ್ದೆ ಅಂತ ಪಟ್ಟಿ ಮಾತ್ರ ಕೊಡುತ್ತದೆ. ರೆಕಮೆಂಡ್ಸ್ ಇಟ್ಟು ಒಂದು ಸಲ, ಬಿಟ್ಟು ಒಂದು ಸಲ. ಎರಡೂ ಪಟ್ಟಿ ಪಕ್ಕಪಕ್ಕ ಇಟ್ಟು ನೋಡಿದರೆ ಬಿಟ್ಟುಹೋಗುವುದು ಯಾವುದು ಅಂತ ಕಣ್ಣಿಗೆ ಕಾಣುತ್ತದೆ. ಡೆಸ್ಕ್‌ಟಾಪಿನ ಬುಡಕ್ಕೆ ರೆಕಮೆಂಡ್ಸ್ ಇರಲಿ. ಆಮೇಲೆ ಹಾಕುವ ಒಂದೊಂದು ಅಪ್ಲಿಕೇಶನ್‌ಗೆ ಬೇಕಾದರೆ ಅದನ್ನು ತೆಗೆಯಿರಿ. ಅಲ್ಲಿ ನಷ್ಟ ಕಡಿಮೆ, ಉಳಿತಾಯ ಜಾಸ್ತಿ.

ಒಂದು ಮಾತು. ಇಲ್ಲಿ ಕಮಾಂಡ್ ಮತ್ತು ಪ್ಯಾಕೇಜ್ ಹೆಸರುಗಳನ್ನು ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಅವೆಲ್ಲ ಇಂಗ್ಲಿಷಿನ ಸಣ್ಣಕ್ಷರದಲ್ಲಿರಬೇಕು. ಹೆಸರು ಸರಿಯಾಗಿ ನೆನಪಿಲ್ಲದಿದ್ದರೆ 'ಆಪ್ಟ್ ಸರ್ಚ್' ಕೊಟ್ಟು ಹುಡುಕಿ.

ಈಗ ವೈಫೈ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಈ ದಾರಿ ಹಿಡಿದವರು ಹೆಚ್ಚಾಗಿ ಎಡವುವುದು ಇಲ್ಲೇ. ಡೆಸ್ಕ್‌ಟಾಪ್ ಇಲ್ಲದೆ ಇನ್‌ಸ್ಟಾಲ್ ಮಾಡಿದಾಗ ಡೆಬಿಯನ್ ನಿಮ್ಮ ವೈಫೈ ವಿವರವನ್ನು ಇಟಿಸಿ ಫೋಲ್ಡರಿನ ಒಳಗೆ, ನೆಟ್‌ವರ್ಕ್ ಎಂಬ ಫೋಲ್ಡರಿನಲ್ಲಿ, 'ಇಂಟರ್‌ಫೇಸಸ್' ಎಂಬ ಫೈಲಿನಲ್ಲಿ ಬರೆದಿಡುತ್ತದೆ. ಅದು ಹಳೆಯ ಪದ್ಧತಿ. ಡೆಸ್ಕ್‌ಟಾಪಿನ ವೈಫೈ ಐಕಾನ್ ಕೆಲಸ ಮಾಡುವುದು ನೆಟ್‌ವರ್ಕ್‌ಮ್ಯಾನೇಜರ್ ಎಂಬ ಸೇವೆಯ ಮೂಲಕ. ಈ ಸೇವೆ ಡೆಬಿಯನ್ನಿನಲ್ಲಿ ಒಂದು ಮರ್ಯಾದೆ ಪಾಲಿಸುತ್ತದೆ. ಆ ಫೈಲಿನಲ್ಲಿ ಹೆಸರಿರುವ ಕಾರ್ಡನ್ನು ಅದು ಮುಟ್ಟುವುದಿಲ್ಲ. ಬೇರೆಯವರು ನೋಡಿಕೊಳ್ಳುತ್ತಿದ್ದಾರೆ ಅಂತ ಬಿಟ್ಟುಬಿಡುತ್ತದೆ. ಹಾಗಾಗಿ ಐಕಾನ್ ಹಾಕಿಕೊಂಡರೂ ಅದರಲ್ಲಿ 'ಅನ್‌ಮ್ಯಾನೇಜ್ಡ್' ಅಂತ ತೋರಿಸುತ್ತದೆ, ಜನ ಡ್ರೈವರ್ ಹಾಳಾಗಿದೆ ಅಂತ ದಿನಗಟ್ಟಲೆ ಹುಡುಕುತ್ತಾರೆ.

ಮಾಡುವ ಕ್ರಮ ಮುಖ್ಯ. ಮೊದಲು, ಇಂಟರ್ನೆಟ್ ಇನ್ನೂ ಇರುವಾಗಲೇ, ನೆಟ್‌ವರ್ಕ್-ಮ್ಯಾನೇಜರ್ ಮತ್ತು ನೆಟ್‌ವರ್ಕ್-ಮ್ಯಾನೇಜರ್-ಗ್ನೋಮ್ ಎರಡನ್ನೂ ಇನ್‌ಸ್ಟಾಲ್ ಮಾಡಿ. ಎರಡನೆಯದರ ಹೆಸರಿನಲ್ಲಿ ಗ್ನೋಮ್ ಎಂಬ ಇನ್ನೊಂದು ಡೆಸ್ಕ್‌ಟಾಪಿನ ಹೆಸರಿದ್ದರೂ ಅದು ಎಕ್ಸ್‌ಎಫ್‌ಸಿಇಯ ಪ್ಯಾನೆಲ್‌ನಲ್ಲೂ ಚೆನ್ನಾಗಿ ಕೂರುತ್ತದೆ. ಆಮೇಲೆ ಆ ಇಂಟರ್‌ಫೇಸಸ್ ಫೈಲಿನ ಒಂದು ಪ್ರತಿ ತೆಗೆದಿಟ್ಟು, ವೈಫೈ ಕಾರ್ಡಿಗೆ ಸಂಬಂಧಿಸಿದ ಸಾಲುಗಳ ಮುಂದೆಲ್ಲ ಹ್ಯಾಶ್ ಗುರುತು ಹಾಕಿ. 'ಲೋ' ಅಂತ ಇರುವ ಸಾಲುಗಳನ್ನು ಮುಟ್ಟಬೇಡಿ, ಅದು ಕಂಪ್ಯೂಟರ್ ತನ್ನೊಳಗೇ ಮಾತಾಡಿಕೊಳ್ಳುವ ದಾರಿ. ಕೊನೆಗೆ ರೀಸ್ಟಾರ್ಟ್. ಈ ಕ್ರಮ ಹಿಂದುಮುಂದಾದರೆ, ಅಂದರೆ ಮೊದಲೇ ಫೈಲ್ ತಿದ್ದಿದರೆ, ವೈಫೈಯೂ ಇಲ್ಲ, ಪ್ಯಾಕೇಜ್ ಇಳಿಸಿಕೊಳ್ಳಲು ದಾರಿಯೂ ಇಲ್ಲ ಅನ್ನುವ ಸ್ಥಿತಿ ಬರುತ್ತದೆ. ಡೆಸ್ಕ್‌ಟಾಪ್ ಬರದಿದ್ದರೂ ಕಪ್ಪು ಪರದೆಯಲ್ಲೇ 'ಎನ್‌ಎಂಟಿಯುಐ' ಅಂತ ಟೈಪ್ ಮಾಡಿದರೆ ಬಾಣದ ಕೀಲಿಗಳಲ್ಲೇ ವೈಫೈ ಆರಿಸಬಹುದು. ಇದನ್ನು ನೆನಪಿಟ್ಟುಕೊಳ್ಳಿ, ಕಷ್ಟಕಾಲಕ್ಕೆ ಆಗುತ್ತದೆ.

ಕಾರ್ಡೇ ಕಾಣದಿದ್ದರೆ ಅದು ಹೆಚ್ಚಾಗಿ ಫರ್ಮ್‌ವೇರ್ (ಕಾರ್ಡಿನೊಳಗೆ ಓಡುವ ಸಾಫ್ಟ್‌ವೇರ್) ಸಮಸ್ಯೆ. 2023ರ ಜೂನ್‌ನಲ್ಲಿ ಬಂದ ಡೆಬಿಯನ್ 12ರಿಂದ ಫರ್ಮ್‌ವೇರ್ ಅಧಿಕೃತ ಇಮೇಜಿನಲ್ಲೇ ಇರುತ್ತದೆ. ಅದಕ್ಕೂ ಮೊದಲು ಬೇರೆ ಇಮೇಜ್ ಹುಡುಕಿ ತರಬೇಕಿತ್ತು. ನಿಮ್ಮದು ವೈಫೈಯಲ್ಲೇ ಇನ್‌ಸ್ಟಾಲ್ ಆಗಿದ್ದರೆ ಈ ಚಿಂತೆ ಇಲ್ಲ.

ಶಬ್ದದ ಕೆಲಸ ಚಿಕ್ಕದು. 'ಪೈಪ್‌ವೈರ್-ಆಡಿಯೊ' ಎಂಬ ಒಂದು ಪ್ಯಾಕೇಜ್ ಹಾಕಿದರೆ ಅದಕ್ಕೆ ಬೇಕಾದವು ಒಟ್ಟಿಗೆ ಬರುತ್ತವೆ, ಬ್ಲೂಟೂತ್ ಹೆಡ್‌ಫೋನ್‌ಗೆ ಬೇಕಾದ ಭಾಗವೂ ಸೇರಿ. ಜೊತೆಗೆ 'ಪಾವುಕಂಟ್ರೋಲ್' ಹಾಕಿ, ಯಾವ ಸ್ಪೀಕರಿಗೆ ಶಬ್ದ ಹೋಗುತ್ತಿದೆ ಅಂತ ಅದರಲ್ಲಿ ಕಾಣುತ್ತದೆ. ಪೈಪ್‌ವೈರ್ ಬಳಕೆದಾರರ ಲಾಗಿನ್ ಜೊತೆ ಶುರುವಾಗುವ ಸೇವೆ. ಹಾಗಾಗಿ ಹಾಕಿದ ಮೇಲೆ ಒಮ್ಮೆ ಲಾಗೌಟ್ ಆಗಿ ಬನ್ನಿ. ಆಗಲೂ ಮೌನವಾಗಿದ್ದರೆ 'ಆಲ್ಸಾ-ಯುಟಿಲ್ಸ್' ಪ್ಯಾಕೇಜಿನ 'ಆಲ್ಸಾಮಿಕ್ಸರ್' ತೆರೆದು ನೋಡಿ. ಎಷ್ಟೋ ಸಲ ಮಾಸ್ಟರ್ ಚಾನೆಲ್ ಸುಮ್ನೆ ಮ್ಯೂಟ್ ಆಗಿ ಕೂತಿರುತ್ತದೆ.

ಪೆನ್‌ಡ್ರೈವ್ ವಿಷಯದಲ್ಲಿ ಕೆಲಸ ನಾಲ್ಕು ಕೈ ದಾಟುತ್ತದೆ. ಡ್ರೈವ್ ಬಂದಿದೆ ಅಂತ ಗುರುತಿಸಿ ಜೋಡಿಸುವುದು 'ಯುಡಿಸ್ಕ್ಸ್2'. ಅದನ್ನು ಫೈಲ್ ಮ್ಯಾನೇಜರಿಗೆ ತಲುಪಿಸುವುದು 'ಜಿವಿಎಫ್‌ಎಸ್'. ಹಾಕಿದ ತಕ್ಷಣ ತಾನಾಗಿ ತೆರೆಯುವಂತೆ ಮಾಡುವುದು 'ಥುನಾರ್-ವೋಲ್‌ಮ್ಯಾನ್'. ಈ ಬಳಕೆದಾರರಿಗೆ ಅನುಮತಿ ಇದೆಯಾ ಅಂತ ತೀರ್ಮಾನಿಸುವುದು 'ಪೋಲ್‌ಕಿಟ್'. ಒಂದು ಕೈ ಇಲ್ಲದಿದ್ದರೂ ಸರಪಳಿ ತುಂಡಾಗುತ್ತದೆ. ಜಿವಿಎಫ್‌ಎಸ್ ಇಲ್ಲದೆ ಥುನಾರ್‌ನಲ್ಲಿ ಕಸದಬುಟ್ಟಿಯೂ ಇರುವುದಿಲ್ಲ, ಅಳಿಸಿದ ಫೈಲ್ ನೇರವಾಗಿ ಹೋಗಿಬಿಡುತ್ತದೆ. ಇದು ನನಗೆ ನಿಜಕ್ಕೂ ಕಳವಳ ತರುವ ವಿಷಯ, ದಯವಿಟ್ಟು ಜಿವಿಎಫ್‌ಎಸ್ ಬಿಡಬೇಡಿ. ಫೋನಿನ ಫೋಟೊ ನೋಡಬೇಕಾದರೆ ಜಿವಿಎಫ್‌ಎಸ್-ಬ್ಯಾಕೆಂಡ್ಸ್ ಕೂಡ ಸೇರಿಸಿ.

ಪೋಲ್‌ಕಿಟ್‌ಗೆ ಪಾಸ್‌ವರ್ಡ್ ಕೇಳುವ ಚಿಕ್ಕ ಕಿಟಕಿ ತೋರಿಸಲು ಒಬ್ಬ ಏಜೆಂಟ್ ಬೇಕು. 'ಮಾಟೆ-ಪೋಲ್‌ಕಿಟ್' ಸಾಕು. ಅದಿಲ್ಲದಿದ್ದರೆ ಒಂದು ವಿಚಿತ್ರ ಕಾಣುತ್ತದೆ. ಏನೋ ಒತ್ತುತ್ತೀರಿ, ಏನೂ ಆಗುವುದಿಲ್ಲ, ತಪ್ಪು ಸಂದೇಶವೂ ಬರುವುದಿಲ್ಲ. ಪಾಸ್‌ವರ್ಡ್ ಕೇಳುವವರೇ ಇಲ್ಲದೆ ಬೇಡಿಕೆ ಬಿದ್ದುಹೋಗಿರುತ್ತದೆ.

ಕನ್ನಡದ ಚೌಕಗಳಿಗೆ 'ಫಾಂಟ್ಸ್-ಕೆಎನ್‌ಡಿಎ' ಹಾಕಿ. ಲೋಹಿತ್, ಗುಬ್ಬಿ, ನವಿಲು ಫಾಂಟುಗಳು ಬರುತ್ತವೆ. ಬೇರೆ ಭಾಷೆಗಳೂ ಬೇಕಾದರೆ 'ಫಾಂಟ್ಸ್-ನೋಟೊ-ಕೋರ್' ಒಳ್ಳೆಯದು. ಕನ್ನಡ ಟೈಪ್ ಮಾಡಲು ಬೇರೆ ಸಾಫ್ಟ್‌ವೇರ್ ಬೇಕಾಗಿಯೇ ಇಲ್ಲ. ಎಕ್ಸ್‌ಎಫ್‌ಸಿಇಯ ಕೀಬೋರ್ಡ್ ಸೆಟ್ಟಿಂಗ್ಸ್‌ನಲ್ಲಿ ಲೇಔಟ್ ಸೇರಿಸುವ ಕಡೆ ಕನ್ನಡವೂ ಇದೆ, ಕಗಪ ಫೊನೆಟಿಕ್ ಲೇಔಟೂ ಇದೆ. ಡೆಸ್ಕ್‌ಟಾಪ್ ಬರುವ ಮೊದಲಿನ ಕಪ್ಪು ಪರದೆಯಲ್ಲಿ ಮಾತ್ರ ಕನ್ನಡ ಸರಿಯಾಗಿ ಮೂಡುವುದಿಲ್ಲ, ಒತ್ತಕ್ಷರ ಜೋಡಿಸುವ ಶಕ್ತಿ ಅದಕ್ಕಿಲ್ಲ. ಫಾಂಟ್ ಹಾಕಿದರೂ ಅಲ್ಲಿ ಸರಿಹೋಗಲಿಲ್ಲ ಅಂತ ಚಿಂತಿಸಬೇಡಿ.

ಪ್ರತಿ ಸಲ ಸ್ಟಾರ್ಟ್‌ಎಕ್ಸ್ ಕೊಡುವುದು ಬೇಜಾರಾದರೆ 'ಲೈಟ್‌ಡಿಎಂ' ಹಾಕಿ. ಕಂಪ್ಯೂಟರ್ ಶುರುವಾದ ಮೇಲೆ ಲಾಗಿನ್ ಪರದೆ ಬರುತ್ತದೆ. ಬ್ಯಾಟರಿ ಐಕಾನ್ ಮತ್ತು ಬೆಳಕಿನ ಹೊಂದಿಕೆಗೆ 'ಎಕ್ಸ್‌ಎಫ್‌ಸಿಇ4-ಪವರ್-ಮ್ಯಾನೇಜರ್'.

ಇನ್ನು ಯಾವ ಡೆಸ್ಕ್‌ಟಾಪ್ ಅನ್ನುವ ಪ್ರಶ್ನೆ. 4 ಜಿಬಿಗೆ ಎಕ್ಸ್‌ಎಫ್‌ಸಿಇ ಒಳ್ಳೆಯ ಆಯ್ಕೆ, ಬದಲಿಸಲು ಕಾರಣ ಇಲ್ಲ. 1996ರಲ್ಲಿ ಒಲಿವಿಯೆ ಫೂರ್ಡಾನ್ ಶುರು ಮಾಡಿದ್ದು ಅದು. ಒಂದು ಆವೃತ್ತಿಯಿಂದ ಇನ್ನೊಂದಕ್ಕೆ ನಮ್ಮ ಅಭ್ಯಾಸ ಕೆಡಿಸುವಂಥ ಬದಲಾವಣೆ ಅದರಲ್ಲಿ ಅಪರೂಪ. ನಾನು ಅದನ್ನು ಇಷ್ಟಪಡಲು ಮುಖ್ಯ ಕಾರಣವೇ ಇದು. ಎಲ್‌ಎಕ್ಸ್‌ಕ್ಯೂಟಿ ಕೂಡ ಹಗುರ. ಕೆಡಿಇ ಪ್ಲಾಸ್ಮಾ ಭಾರ ಅನ್ನುವ ಮಾತು ಹಳೆಯದಾಯಿತು, ಈಗ ಅದು ಸಾಕಷ್ಟು ಇಳಿದಿದೆ. ಗ್ನೋಮ್ ಚೆಂದವಾಗಿದೆ, ಆದರೆ 4 ಜಿಬಿಯಲ್ಲಿ ಅದಕ್ಕೆ ಬ್ರೌಸರ್ ಸೇರಿದರೆ ಜಾಗ ಇಕ್ಕಟ್ಟಾಗುತ್ತದೆ. ಪರದೆ ಮೂಡಿಸಲು ಎಕ್ಸ್ ಬದಲು ಬಂದ ಹೊಸ ವ್ಯವಸ್ಥೆಯಾದ ವೇಲ್ಯಾಂಡ್ ಬೇಕೇಬೇಕು ಅನ್ನುವವರು ಪ್ಲಾಸ್ಮಾ ಅಥವಾ ಗ್ನೋಮ್ ಕಡೆ ಹೋಗಬೇಕು. ಎಕ್ಸ್‌ಎಫ್‌ಸಿಇಯಲ್ಲಿ ಅದು 2024ರ ಡಿಸೆಂಬರ್‌ನಲ್ಲಿ ಬಂದ 4.20ರಲ್ಲಿ ಪ್ರಯೋಗದ ಹಂತದಲ್ಲಿ ಮಾತ್ರ ಸೇರಿದೆ.

ಡೆಸ್ಕ್‌ಟಾಪ್ ಆರಿಸುವಾಗ ಅದರ ಹೆಸರಿಗಿಂತ ಪ್ಯಾಕೇಜಿನ ಹೆಸರು ಮುಖ್ಯ. 'ಗ್ನೋಮ್' ಅಂತ ಕೊಟ್ಟರೆ ದೊಡ್ಡ ಗಂಟೇ ಬರುತ್ತದೆ, 'ಗ್ನೋಮ್-ಕೋರ್' ಅದಕ್ಕಿಂತ ಚಿಕ್ಕದು. ಕೆಡಿಇಯಲ್ಲಿ 'ಕೆಡಿಇ-ಫುಲ್' ಎಲ್ಲವನ್ನೂ ತರುತ್ತದೆ, 'ಕೆಡಿಇ-ಪ್ಲಾಸ್ಮಾ-ಡೆಸ್ಕ್‌ಟಾಪ್' ಅಗತ್ಯದಷ್ಟು ಮಾತ್ರ. ಮಾಟೆ, ಸಿನಮನ್, ಎಲ್‌ಎಕ್ಸ್‌ಕ್ಯೂಟಿಗಳಿಗೂ 'ಕೋರ್' ಅಂತ ಕೊನೆಯಾಗುವ ಪ್ಯಾಕೇಜುಗಳಿವೆ. 'ಟಾಸ್ಕ್' ಅಂತ ಶುರುವಾಗುವವು ಇನ್‌ಸ್ಟಾಲರ್ ತಾನೇ ಹಾಕುವ ಪೂರ್ತಿ ಗಂಟುಗಳು, ಅವುಗಳ ಜೊತೆ ಲಿಬ್ರೆಆಫೀಸ್ ಕೂಡ ಬರುತ್ತದೆ. ನಿಮ್ಮ ಉದ್ದೇಶಕ್ಕೆ ಅವು ಬೇಡ.

ಮೆಮೊರಿ ಬಗ್ಗೆ ಒಂದು ನೇರ ಮಾತು. ಶುರುವಾದ ಕೂಡಲೇ ಎಕ್ಸ್‌ಎಫ್‌ಸಿಇ ಸಾಮಾನ್ಯವಾಗಿ 500ರಿಂದ 700 ಎಂಬಿ ಆಸುಪಾಸು ತೆಗೆದುಕೊಳ್ಳುತ್ತದೆ. ಬಿಡಿಬಿಡಿಯಾಗಿ ಹಾಕಿದ್ದರಿಂದ ಉಳಿಯುವುದು ಅದರಲ್ಲಿ ಸ್ವಲ್ಪ. ಬ್ರೌಸರಿನಲ್ಲಿ ಹತ್ತು ಟ್ಯಾಬ್ ತೆರೆದರೆ ಆ ಉಳಿತಾಯ ಮುಗಿದೇ ಹೋಗುತ್ತದೆ. ಡಿಸ್ಕಿನಲ್ಲಿ ಸುಮ್ನೆ ಕೂತ ಪ್ಯಾಕೇಜ್ ರ‍್ಯಾಮ್ ತಿನ್ನುವುದಿಲ್ಲ, ತಾನಾಗಿ ಶುರುವಾಗುವ ಸೇವೆ ಮಾತ್ರ ತಿನ್ನುತ್ತದೆ. ಹಾಗಾದರೆ ಇಷ್ಟು ಕಷ್ಟ ಯಾಕೆ? ಅಪ್‌ಡೇಟ್ ಚಿಕ್ಕದಾಗುತ್ತದೆ, ಮೆನು ಶುಚಿಯಾಗಿರುತ್ತದೆ, ಏನಾದರೂ ಕೆಟ್ಟರೆ ಎಲ್ಲಿ ನೋಡಬೇಕು ಅಂತ ಗೊತ್ತಿರುತ್ತದೆ. ಈ ಕೊನೆಯದಕ್ಕಾಗಿಯೇ ನಾನು ಈ ದಾರಿ ಬಿಟ್ಟಿಲ್ಲ.

ಅಳತೆ ಮಾಡುವಾಗ 'ಫ್ರೀ ಹೈಫನ್ ಎಚ್' ಕೊಟ್ಟು 'ಅವೈಲಬಲ್' ಕಾಲಂ ನೋಡಿ, 'ಫ್ರೀ' ಕಾಲಂ ಅಲ್ಲ. ಖಾಲಿ ರ‍್ಯಾಮ್ ಅನ್ನು ಲಿನಕ್ಸ್ ಫೈಲ್ ಕ್ಯಾಶ್‌ಗೆ ಬಳಸಿಕೊಳ್ಳುತ್ತದೆ, ಬೇಕಾದಾಗ ಬಿಟ್ಟುಕೊಡುತ್ತದೆ. 4 ಜಿಬಿಗೆ ನಿಜವಾಗಿ ಉಸಿರು ಕೊಡುವುದು ಝಡ್‌ರ‍್ಯಾಮ್. ಅದು ರ‍್ಯಾಮಿನ ಒಂದು ಭಾಗದಲ್ಲಿ ಡೇಟಾವನ್ನು ಒತ್ತಿ ಚಿಕ್ಕದು ಮಾಡಿ ಇಡುತ್ತದೆ, ಮೆಮೊರಿ ತುಂಬಿದಾಗ ಬಳಸುವ ಡಿಸ್ಕಿನ ಜಾಗಕ್ಕೆ (ಸ್ವಾಪ್) ಹೋಗುವುದಕ್ಕಿಂತ ಎಷ್ಟೋ ಬೇಗ. 'ಝಡ್‌ರ‍್ಯಾಮ್-ಟೂಲ್ಸ್' ಹಾಕಿ, ಇಟಿಸಿಯ ಡಿಫಾಲ್ಟ್ ಫೋಲ್ಡರಿನ 'ಝಡ್‌ರ‍್ಯಾಮ್‌ಸ್ವಾಪ್' ಫೈಲಿನಲ್ಲಿ 'ಪರ್ಸೆಂಟ್' ಅನ್ನು 50ಕ್ಕೆ ಇಡಿ. ಹತ್ತು ಪ್ಯಾಕೇಜ್ ಕಿತ್ತುಹಾಕುವುದಕ್ಕಿಂತ ಇದರಿಂದ ಲಾಭ ಜಾಸ್ತಿ.

ಕಿತ್ತುಹಾಕುವ ಮಾತು ಬಂತಲ್ಲ, ಅದರ ಬಗ್ಗೆ ಎಚ್ಚರ ಹೇಳಲೇಬೇಕು. ಎಕ್ಸ್‌ಎಫ್‌ಸಿಇ4 ಅನ್ನುವುದು ಒಳಗೆ ಏನೂ ಇಲ್ಲದ ಪ್ಯಾಕೇಜ್, ಬೇರೆಯವನ್ನು ಒಟ್ಟಿಗೆ ಎಳೆದುಕೊಂಡು ಬರುವ ದಾರ ಅದು. ಅದು ಎಳೆದು ತಂದ ಒಂದನ್ನು, ಉದಾಹರಣೆಗೆ ಅಪ್ಲಿಕೇಶನ್ ಹುಡುಕುವ ಆಪ್‌ಫೈಂಡರ್ ಅನ್ನು, ತೆಗೆದರೆ ದಾರವೂ ಹೋಗುತ್ತದೆ. ಆಗ ಉಳಿದವೆಲ್ಲ ಯಾರೂ ಕೇಳದೆ ಬಂದವು ಅಂತ ಆಪ್ಟ್ ಲೆಕ್ಕ ಹಾಕುತ್ತದೆ. ಮುಂದೆ ಎಂದಾದರೂ 'ಆಟೋರಿಮೂವ್' ಕೊಟ್ಟರೆ ಪ್ಯಾನೆಲ್, ಕಿಟಕಿ, ಸೆಟ್ಟಿಂಗ್ಸ್ ಎಲ್ಲ ಒಂದೇ ಸಲ ಹೊರಡುತ್ತವೆ. ನನಗೆ ಇದು ಆಗಿದೆ. ಕೆಲಸದ ನಡುವೆ ಉದ್ದನೆಯ ಪಟ್ಟಿ ಓದದೆ ಹೌದು ಅಂದೆ, ರೀಸ್ಟಾರ್ಟ್ ಆದ ಮೇಲೆ ಕಪ್ಪು ಪರದೆ ಮಾತ್ರ ಉಳಿದಿತ್ತು. ಅವತ್ತು ನನ್ನನ್ನು ಉಳಿಸಿದ್ದು ವಾರ್ ಫೋಲ್ಡರಿನ ಲಾಗ್ ಒಳಗೆ ಆಪ್ಟ್ ಬರೆದಿಡುವ 'ಹಿಸ್ಟರಿ' ಫೈಲ್. ಯಾವ ದಿನ ಯಾವ ಪ್ಯಾಕೇಜ್ ಬಂತು, ಯಾವುದು ಹೋಯಿತು ಅಂತ ಅದರಲ್ಲಿ ಇರುತ್ತದೆ. ಅದನ್ನು ನೋಡಿ ಒಂದೊಂದಾಗಿ ವಾಪಸ್ ಹಾಕಿದೆ.

ಆವತ್ತಿನಿಂದ, ಒಂದು ಭಾಗ ತೆಗೆಯುವ ಮೊದಲು, ನನಗೆ ಬೇಕಾದವಕ್ಕೆಲ್ಲ 'ಆಪ್ಟ್-ಮಾರ್ಕ್ ಮ್ಯಾನುಯಲ್' ಕೊಡುತ್ತೇನೆ. ಇವನ್ನು ನಾನೇ ಕೇಳಿ ತರಿಸಿದ್ದು ಅಂತ ಆಪ್ಟ್‌ಗೆ ಹೇಳಿದ ಹಾಗೆ. 'ಆಪ್ಟ್-ಮಾರ್ಕ್ ಶೋಮ್ಯಾನುಯಲ್' ಕೊಟ್ಟರೆ ಅಂಥವುಗಳ ಪಟ್ಟಿ ಸಿಗುತ್ತದೆ. ಅದನ್ನು ಒಂದು ಫೈಲಿನಲ್ಲಿ ಉಳಿಸಿ ಬೇರೆ ಕಡೆ ಇಡಿ. ಯಾವತ್ತಾದರೂ ಹೊಸ ಡಿಸ್ಕ್ ಹಾಕಿದರೆ ಅದೇ ನಿಮ್ಮ ವ್ಯವಸ್ಥೆಯ ನಕ್ಷೆ.

ನಿಮ್ಮ ಹಾಗೆ ಹೊಸದಾಗಿ ಶುರು ಮಾಡುವವರಿಗೆ ಎರಡು ಮಾತು. ಇನ್‌ಸ್ಟಾಲರ್ ರೂಟ್ (ಎಲ್ಲ ಅಧಿಕಾರ ಇರುವ ಖಾತೆ) ಪಾಸ್‌ವರ್ಡ್ ಕೇಳಿದಾಗ ಖಾಲಿ ಬಿಟ್ಟರೆ ಮೊದಲ ಬಳಕೆದಾರರಿಗೆ ಸುಡೊ ಅಧಿಕಾರ, ಅಂದರೆ ರೂಟ್ ಆಗಿ ಕಮಾಂಡ್ ಓಡಿಸುವ ಅಧಿಕಾರ, ತಾನಾಗಿ ಸಿಗುತ್ತದೆ. ಪಾಸ್‌ವರ್ಡ್ ಕೊಟ್ಟರೆ ಸಿಗುವುದಿಲ್ಲ. ಸಾಫ್ಟ್‌ವೇರ್ ಆರಿಸುವ ಪರದೆಯಲ್ಲಿ ಡೆಸ್ಕ್‌ಟಾಪಿನ ಎಲ್ಲ ಗುರುತು ತೆಗೆಯಿರಿ, 'ಸ್ಟ್ಯಾಂಡರ್ಡ್ ಸಿಸ್ಟಮ್ ಯುಟಿಲಿಟೀಸ್' ಮಾತ್ರ ಬಿಡಿ. ಆರ್ಚ್ ಎಂಬ ಇನ್ನೊಂದು ಲಿನಕ್ಸ್‌ನಲ್ಲಿ ಇದೇ ಕೆಲಸ ಮಾಡುವವರಿಗೂ ನಿಮ್ಮ ತೊಂದರೆಗಳೇ ಬರುತ್ತವೆ. ಅಲ್ಲಿ ಆಪ್ಟ್ ಜಾಗದಲ್ಲಿರುವ ಪ್ಯಾಕ್‌ಮ್ಯಾನ್ ಐಚ್ಛಿಕ ಪ್ಯಾಕೇಜುಗಳ ಹೆಸರು ತೋರಿಸುತ್ತದೆ, ತಾನಾಗಿ ಹಾಕುವುದಿಲ್ಲ. ಅದು ತೋರಿಸಿದ್ದನ್ನು ಓದಿದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ.

ಇಷ್ಟೆಲ್ಲ ಆದಮೇಲೂ ಎಲ್‌ಎಕ್ಸ್‌ಕ್ಯೂಟಿ ಒಮ್ಮೆ ನೋಡುವ ಆಸೆ ಇದ್ದರೆ ಎಕ್ಸ್‌ಎಫ್‌ಸಿಇ ತೆಗೆಯಬೇಡಿ. 'ಎಲ್‌ಎಕ್ಸ್‌ಕ್ಯೂಟಿ-ಕೋರ್' ಪಕ್ಕದಲ್ಲೇ ಹಾಕಿ. ಲೈಟ್‌ಡಿಎಂ ಪರದೆಯ ಮೂಲೆಯಲ್ಲಿ ಸೆಷನ್ ಆರಿಸುವ ಗುರುತು ಇರುತ್ತದೆ. ಪ್ರಯೋಗಕ್ಕೆ ಇನ್ನೊಂದು ಬಳಕೆದಾರರ ಹೆಸರು ಮಾಡಿಕೊಂಡು ಅದರಲ್ಲಿ ಲಾಗಿನ್ ಆಗಿ. ಎರಡು ಡೆಸ್ಕ್‌ಟಾಪುಗಳು ಒಂದೇ ಹೋಮ್ ಫೋಲ್ಡರಿನಲ್ಲಿ ಥೀಮ್, ಫಾಂಟ್ ಸೆಟ್ಟಿಂಗ್ ಬರೆದುಕೊಂಡು ಗೋಜಲಾಗುವುದು ಆಗ ತಪ್ಪುತ್ತದೆ. ಇಷ್ಟವಾಗದಿದ್ದರೆ ಆ ಬಳಕೆದಾರರನ್ನು ಅಳಿಸಿ, ಹಿಸ್ಟರಿ ಫೈಲ್ ನೋಡಿ ಬಂದ ಪ್ಯಾಕೇಜುಗಳನ್ನು ತೆಗೆಯಿರಿ. ತೆಗೆಯುವ ಮೊದಲು ಆಪ್ಟ್ ತೋರಿಸುವ ಪಟ್ಟಿಯನ್ನು ಪೂರ್ತಿ ಓದಿ, ಅದರಲ್ಲಿ ಎಕ್ಸ್‌ಎಫ್‌ಸಿಇ ಅನ್ನುವ ಹೆಸರು ಕಂಡರೆ ಅಲ್ಲೇ ನಿಲ್ಲಿಸಿ.